ತೆಳು ಪದರದ ಪಂಥ

ಅಂಕೋಲಾ ತಾಲೂಕಿನ ಭಾವಿಕೇರಿಯಲ್ಲೋ ಅಲಗೇರಿಯಲ್ಲೋ ಹತ್ತಿಪ್ಪತ್ತು ಗುಂಟೆ ಜಮೀನಿರುವ ಮನೆಯವರಿಗೆ ಪಹಣಿಯ ಒಂಬತ್ತನೇ ಕಲಮಿನಲ್ಲಿ ಯಾರ ಹೆಸರಿದೆ, ಎಷ್ಟು ಕ್ಷೇತ್ರವಿದೆ ಎಂಬುದು ಬದುಕಿನ ಪ್ರಶ್ನೆ. ಕಾರವಾರ, ಅಂಕೋಲಾಗಳ ಕರಾವಳಿ ಸೀಬರ್ಡ್ ನೌಕಾನೆಲೆಗೆ ಭೂಮಿ ಬಿಟ್ಟುಕೊಟ್ಟಿದೆ. ಅಲಗೇರಿ, ಬೇಲೇಕೇರಿ, ಭಾವಿಕೇರಿಗಳ ಜಮೀನು ವಿಮಾನ ನಿಲ್ದಾಣಕ್ಕಾಗಿ ಭೂಸ್ವಾಧೀನದ ಕಡತಕ್ಕೆ ಸೇರಿದೆ. ಇಂಥ ಕಡೆ ಪರಿಹಾರ ಹಿಂಬಾಲಿಸುವುದು ದಾಖಲೆಯನ್ನು. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ, ಅಂದರೆ ಈ ಶತಮಾನದ ಆರಂಭದಿಂದ, ಆ ದಾಖಲೆ ಡೇಟಾಬೇಸಿನ ಕೋಷ್ಟಕದ ಒಂದು ಸಾಲಾಗಿದೆ. ಗುಮಾಸ್ತನ ಪರದೆಗೂ ಆ ಸಾಲಿಗೂ ನಡುವೆ ಒಂದು ಕೋಡ್ ಪದರ ಇರಲೇಬೇಕು. ಆ ಪದರ ಹೇಗಿರಬೇಕು ಎಂಬುದರ ಬಗ್ಗೆ ಪ್ರೋಗ್ರಾಮರ್‌ಗಳಲ್ಲಿ ಮೂರು ದಶಕಗಳ ಜಗಳವಿದೆ. ‘ಭೂಮಿ’ಯ ಒಳಗಿನ ಕೋಡಿನ ಮೇಲೆ ತೀರ್ಪು ಕೊಡುವುದು ಇಲ್ಲಿನ ಉದ್ದೇಶವಲ್ಲ. ಆದರೆ ಪಹಣಿಯಂಥ ಕನ್ನಡದ ದಾಖಲೆಯನ್ನು ಒರೆಗಲ್ಲಾಗಿ ಹಿಡಿದರೆ ಆ ಜಗಳದಲ್ಲಿ ಒಂದು ಪಕ್ಷಕ್ಕೆ, ಎಂದರೆ ಪದರ ತೆಳುವಾಗಿರಲಿ, ಡೇಟಾಬೇಸಿಗೆ ಹಾಕುವ ಪ್ರಶ್ನೆಯಾದ ಕ್ವೆರಿ ಕಣ್ಣಿಗೆ ಕಾಣುತ್ತಿರಲಿ ಎನ್ನುವ ಪಂಥಕ್ಕೆ, ಬಲವಾದ ಸಾಕ್ಷ್ಯ ಸಿಗುತ್ತದೆ ಎಂಬುದು ನನ್ನ ವಾದ.

1970ರಲ್ಲಿ ಎಡ್ಗರ್ ಕಾಡ್ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟಾಗ ಅದರ ತಿರುಳು ಇಷ್ಟೇ: ದತ್ತಾಂಶ ಡಿಸ್ಕಿನಲ್ಲಿ ಹೇಗೆ ಕೂತಿದೆ ಎಂಬ ಚಿಂತೆ ಬಿಟ್ಟು, ಏನು ಬೇಕೋ ಅದನ್ನು ಕೇಳು. ಆ ಕೇಳುವ ಭಾಷೆಯಾಗಿ ಎಸ್‌ಕ್ಯೂಎಲ್ ನೆಲೆಯೂರಿತು. ತೊಂದರೆ ಶುರುವಾದದ್ದು ಈ ಭಾಷೆಯನ್ನು ಬೇರೆ ಭಾಷೆಯ ಕೋಡಿನೊಳಗಿಂದ ಆಡಬೇಕಾಗಿ ಬಂದಾಗ. 1994ರಲ್ಲಿ ಟಿಮ್ ಬನ್ಸ್ ಪರ್ಲ್ ಭಾಷೆಗೆ ಕೊಟ್ಟ ಡಿಬಿಐ, 1997ರ ಜೆಡಿಬಿಸಿ, 2005ರಲ್ಲಿ ಪಿಎಚ್‌ಪಿಗೆ ಬಂದ ಪಿಡಿಒ, ಇವೆಲ್ಲ ಬಾಗಿಲು ಮಾಡಿಕೊಟ್ಟವು. ಆದರೂ ಪ್ರತಿ ಕ್ವೆರಿಗೆ ಹತ್ತಾರು ಸಾಲಿನ ಸಿದ್ಧತೆ ಉಳಿದೇ ಇತ್ತು. ಅದರ ಬೇಸರದಿಂದ ಎರಡು ದಾರಿ ಹುಟ್ಟಿದವು. ಒಂದು, 2001ರಲ್ಲಿ ಗ್ಯಾವಿನ್ ಕಿಂಗ್ ಶುರುಮಾಡಿದ ಹೈಬರ್ನೇಟ್ ಮತ್ತು 2004ರ ರೈಲ್ಸ್ ಹಿಡಿದ ದಾರಿ: ಕೋಷ್ಟಕಗಳನ್ನೇ ಮರೆಸಿ ಎಲ್ಲವನ್ನೂ ವಸ್ತುಗಳಾಗಿ ತೋರಿಸುವುದು, ಎಸ್‌ಕ್ಯೂಎಲ್ಲನ್ನು ಯಂತ್ರವೇ ಬರೆಯುವುದು. ಇನ್ನೊಂದು, 2011ರಲ್ಲಿ ಸ್ಟಾಕ್ ಓವರ್‌ಫ್ಲೋದಿಂದ ಹೊರಬಂದ ಡ್ಯಾಪರ್, 2013ರಲ್ಲಿ ಕ್ರಿಸ್ ಜೆಂಕಿನ್ಸ್ ಬರೆದ ಯೆಸ್‌ಕ್ಯೂಎಲ್ ಹಿಡಿದ ದಾರಿ: ಎಸ್‌ಕ್ಯೂಎಲ್ ಮನುಷ್ಯನೇ ಬರೆಯಲಿ, ಅದರ ಸುತ್ತಲಿನ ಚಾಕರಿಯನ್ನಷ್ಟೇ ಲೈಬ್ರರಿ ಮಾಡಲಿ. ಡ್ಯಾಪರ್ ಮೊದಲಿಗೆ ಒಂದೇ ಫೈಲಿನಲ್ಲಿತ್ತು ಎಂಬುದು ಸಣ್ಣ ಸಂಗತಿಯಲ್ಲ. ಒಂದು ಸಂಜೆ ಕೂತು ಪೂರ್ತಿ ಓದಿ ಮುಗಿಸಬಹುದಾದ ಕೋಡಿನ ಮೇಲೆ ಇಡುವ ನಂಬಿಕೆಯೇ ಬೇರೆ.

ಆ ಚಾಕರಿ ಎಂದರೆ ಏನು? ಕಾರವಾರದಲ್ಲಿ ಡಿ’ಸೋಜಾ ಎಂಬ ಅಡ್ಡಹೆಸರು ಸಾಮಾನ್ಯ. ಇಂಗ್ಲಿಷ್ ದಾಖಲೆಯಲ್ಲಿ ಅದರ ನಡುವೆ ಬರುವ ಒಂಟಿ ಉದ್ಧರಣ ಚಿಹ್ನೆಯೇ ಎಸ್‌ಕ್ಯೂಎಲ್ಲಿನಲ್ಲಿ ಪಠ್ಯದ ಅಂಚು. ಕ್ವೆರಿಯ ಪಠ್ಯಕ್ಕೆ ಹೆಸರನ್ನು ನೇರವಾಗಿ ಅಂಟಿಸುವ ಕೋಡ್ ಆ ಹೆಸರಿನ ಮುಂದೆ ಮುರಿದು ಬೀಳುತ್ತದೆ. ದುರುದ್ದೇಶವಿರುವವನು ಅದೇ ಬಿರುಕಿನಲ್ಲಿ ತನ್ನ ಆಜ್ಞೆ ತೂರಿಸುತ್ತಾನೆ. ಮೌಲ್ಯವನ್ನು ಕ್ವೆರಿಯಿಂದ ಬೇರೆಯಾಗಿ ಕಳಿಸುವುದು ಇದಕ್ಕೆ ಮದ್ದು. ಅದು ಎಲ್ಲರಿಗೂ ಗೊತ್ತು, ಆದರೂ ಅವಸರದಲ್ಲಿ ಮರೆಯುತ್ತಾರೆ. ಬೇರೆ ದಾರಿಯೇ ಇಲ್ಲದಂತೆ ಲೈಬ್ರರಿ ರೂಪಿಸಿದರೆ ಮರೆವಿನಿಂದ ಆಗುವ ಹಾನಿ ಕಡಿಮೆ. ಹಾಗೆಯೇ ಹಕ್ಕು ಬದಲಾವಣೆ: ಹಳೆಯ ಹೆಸರು ತೆಗೆಯುವುದು, ಹೊಸ ಹೆಸರು ಸೇರಿಸುವುದು, ಮ್ಯುಟೇಶನ್ ನಂಬರು ದಾಖಲಿಸುವುದು, ಮೂರೂ ಒಟ್ಟಿಗೆ ಆಗಬೇಕು, ಇಲ್ಲವೇ ಒಂದೂ ಆಗಬಾರದು. ನಡುವೆ ವಿದ್ಯುತ್ ಹೋಗಿ ಹಳೆಯ ಹೆಸರು ಅಳಿದು ಹೊಸದು ಬರದೇ ಉಳಿದರೆ ಆ ಜಮೀನಿಗೆ ಯಜಮಾನನೇ ಇಲ್ಲ. ಈ ಕಟ್ಟನ್ನು ಒಂದೇ ಫಂಕ್ಷನ್ ಮೂಲಕ ಕಟ್ಟಿಕೊಡುವುದು ತೆಳು ಪದರದ ಕೆಲಸ.

ಕನ್ನಡದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷ್ಯ ಅಕ್ಷರಗಳದ್ದು. ‘ಭಾವಿಕೇರಿ’ ಎಂಬ ಹೆಸರು ಯೂನಿಕೋಡಿನಲ್ಲಿ ಎಂಟು ಸಂಕೇತಗಳು, ಯುಟಿಎಫ್-8ರಲ್ಲಿ 24 ಬೈಟುಗಳು. ಆದರೆ ‘ಕೇ’ಯಲ್ಲಿರುವ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿ ಒಡೆದೂ ಬರೆಯಬಹುದು. ಎರಡನೆಯ ರೀತಿಯಲ್ಲಿ ಅದೇ ಹೆಸರು ಒಂಬತ್ತು ಸಂಕೇತ, 27 ಬೈಟು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳನ್ನು ಹೋಲಿಸುವ ಡೇಟಾಬೇಸಿಗೆ ಮಾತ್ರ ಅವು ಎರಡು ಬೇರೆ ಊರುಗಳು. ಒಂದು ರೂಪದಲ್ಲಿ ತುಂಬಿದ್ದನ್ನು ಇನ್ನೊಂದರಲ್ಲಿ ಹುಡುಕಿದರೆ ‘ದಾಖಲೆ ಇಲ್ಲ’ ಎಂಬ ಉತ್ತರ ಬರುತ್ತದೆ, ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕಿಂತ ಹಳೆಯ ಕಾಟ ಮೈಎಸ್‌ಕ್ಯೂಎಲ್‌ನದು. 2018ರಲ್ಲಿ 8.0 ಆವೃತ್ತಿ ಬರುವವರೆಗೂ ಬೇರೆ ಹೇಳದಿದ್ದರೆ ಅದು ಬಳಸುತ್ತಿದ್ದ ಸಂಕೇತ ಕನ್ನಡ ಅಕ್ಷರಗಳಿಗೆ ಜಾಗವಿಲ್ಲದ ಲ್ಯಾಟಿನ್-1. ಕನೆಕ್ಷನ್ ತೆರೆದಾಗಲೆಲ್ಲ ‘ಯುಟಿಎಫ್-8ರಲ್ಲಿ ಮಾತಾಡು’ ಎಂದು ಹೇಳಬೇಕಿತ್ತು. ಹಾಗೆ ಹೇಳಿಯೂ ಕೋಷ್ಟಕ ಮಾತ್ರ ಲ್ಯಾಟಿನ್-1 ಆಗಿದ್ದರೆ ಕನ್ನಡ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿಯಬಹುದಿತ್ತು, ಮೂಲ ಮತ್ತೆ ಸಿಗುತ್ತಿರಲಿಲ್ಲ. ಕನೆಕ್ಷನ್ನೂ ಕೋಷ್ಟಕವೂ ಎರಡೂ ಲ್ಯಾಟಿನ್-1 ಆಗಿದ್ದರೆ ಇನ್ನೂ ಅಪಾಯ: ಆ ಪುಟದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಸಂಕೇತ ಸರಿ ಹೇಳಿದ ಬೇರೊಂದು ಪ್ರೋಗ್ರಾಂ ಅದೇ ಸಾಲನ್ನು ಓದಿದ ದಿನ ಕಸ ಹೊರಬೀಳುತ್ತಿತ್ತು. ಕನೆಕ್ಷನ್ ತೆರೆಯುವ ಕೋಡ್ ಐವತ್ತು ಫೈಲುಗಳಲ್ಲಿ ಹರಡಿದ್ದರೆ ಐವತ್ತೊಂದನೆಯದರಲ್ಲಿ ಆ ಒಂದು ಸಾಲು ತಪ್ಪುವುದು ಖಂಡಿತ. ಅಕ್ಷರರೂಪವನ್ನು ಏಕರೂಪಕ್ಕೆ ತರುವುದೂ ಸಂಕೇತ ಹೇಳುವುದೂ ಒಂದೇ ಬಾಗಿಲಲ್ಲಿ ನಡೆಯಬೇಕು. ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮಾಡುವವರಿಗೆ ಇದು ಅನುಕೂಲದ ಮಾತು, ನಮಗೆ ದಾಖಲೆಯ ಅಳಿವು ಉಳಿವಿನ ಮಾತು.

ಹಾಗಾದರೆ ಬಾಗಿಲಲ್ಲಿ ಎಲ್ಲವನ್ನೂ ಮಾಡಿಬಿಡಬಾರದೇಕೆ? ಕರಾವಳಿಯ ಗಜನಿ ಗದ್ದೆಯ ಕಟ್ಟಿನ ಬಾಗಿಲು ಉಪ್ಪುನೀರನ್ನು ತಡೆಯುತ್ತದೆ, ಯಾವ ಭತ್ತ ಬಿತ್ತಬೇಕೆಂದು ಹೇಳಲು ಹೋಗುವುದಿಲ್ಲ. ದಪ್ಪ ಪದರದ ತೊಡಕು ಅದು ಬಿತ್ತನೆಯನ್ನೂ ನಿರ್ಧರಿಸುತ್ತದೆ ಎಂಬುದು. ಒಂದು ಊರಲ್ಲಿ 500 ಹಿಸ್ಸಾಗಳಿವೆ ಎಂದಿಟ್ಟುಕೊಳ್ಳಿ. ಎಲ್ಲದರ ಹಿಡುವಳಿದಾರರ ಪಟ್ಟಿ ಬೇಕು. ಎರಡು ಕೋಷ್ಟಕ ಜೋಡಿಸುವ ಒಂದು ಎಸ್‌ಕ್ಯೂಎಲ್ ಸಾಕು. ವಸ್ತುಗಳ ವೇಷ ತೊಟ್ಟ ಪದರದಲ್ಲಿ ಅದನ್ನೇ ಎಚ್ಚರವಿಲ್ಲದೆ ಬರೆದರೆ ಹಿಸ್ಸಾಗಳಿಗೆ ಒಂದು ಕ್ವೆರಿ, ಪ್ರತಿ ಹಿಸ್ಸಾದ ಹೆಸರುಗಳಿಗೆ ಒಂದೊಂದು, ಒಟ್ಟು 501. ಕೋಡ್ ಓದಿದರೆ ಇದು ಗೊತ್ತಾಗುವುದಿಲ್ಲ, ಹತ್ತು ಹಿಸ್ಸಾಗಳ ಮಾದರಿಯಲ್ಲಿ ಪರೀಕ್ಷಿಸಿದಾಗಲೂ ಗೊತ್ತಾಗುವುದಿಲ್ಲ. ಮುಚ್ಚಿಟ್ಟದ್ದು ಕ್ವೆರಿಯನ್ನು ಮಾತ್ರವಲ್ಲ, ಅದರ ಬೆಲೆಯನ್ನು ಕೂಡ.

ತೆಳು ಪಂಥಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತವಾಗಿ ಎಲ್ಲರಿಗೂ ಸಿಕ್ಕಿತು. ಒಂದೂವರೆ ಲಕ್ಷದಷ್ಟು ಪದಗಳು ಅದರಲ್ಲಿವೆ. ಅದು ಓಡುವುದು ಕೈಲಾಶ್ ನಾಧ್ ಬರೆದ ಡಿಕ್ಟ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಅಲ್ಲಿ ಎಸ್‌ಕ್ಯೂಎಲ್ ಎಲ್ಲವೂ ಹೆಸರಿಟ್ಟ ಕ್ವೆರಿಗಳಾಗಿ ಒಂದು ಪ್ರತ್ಯೇಕ ಫೈಲಿನಲ್ಲಿದೆ. ಯೆಸ್‌ಕ್ಯೂಎಲ್ ಪರಂಪರೆಯ ಒಂದು ಪುಟ್ಟ ಲೈಬ್ರರಿ ಆ ಹೆಸರುಗಳನ್ನು ಗೋ ಭಾಷೆಯ ಕೋಡಿಗೆ ಬೆಸೆಯುತ್ತದೆ. ಕಾಗುಣಿತ ತಪ್ಪಾಗಿ ಬರೆದ ಪದವನ್ನು ಉಚ್ಚಾರದ ಆಧಾರದಲ್ಲಿ ಹುಡುಕಿಕೊಡಲು ಕನ್ನಡಕ್ಕೆಂದೇ ಬರೆದ ಒಂದು ಧ್ವನಿ ಅಲ್ಗಾರಿದಂ ಇದೆ. ಅದಕ್ಕೆ ಪೋಸ್ಟ್‌ಗ್ರೆಸ್‌ನ ಪಠ್ಯ ಹುಡುಕಾಟದ ವಿಶೇಷ ಶಕ್ತಿಯನ್ನು ನೇರವಾಗಿ ಬಳಸಬೇಕು. ಎಲ್ಲ ಡೇಟಾಬೇಸುಗಳಿಗೂ ಸಮನಾದ ಕನಿಷ್ಠವನ್ನೇ ಕೊಡುವ ಪದರ ಇಂಥ ಕಡೆ ಅಡ್ಡಿ.

ಆಕ್ಷೇಪಗಳಿವೆ. ನಾಳೆ ಡೇಟಾಬೇಸ್ ಬದಲಿಸಬೇಕಾದರೆ ಎಂಬ ಮಾತು ಮೊದಲಿನದು. ದಪ್ಪ ಪದರ ಅದನ್ನು ಸುಲಭ ಮಾಡುತ್ತದೆ ಎನ್ನುವುದು ಅರ್ಧಸತ್ಯ. ಬದಲಾವಣೆಯ ಕಷ್ಟವೆಲ್ಲ ದತ್ತಾಂಶ ಸಾಗಿಸುವುದರಲ್ಲಿದೆ, ಕ್ವೆರಿಗಳು ಒಂದೇ ಕಡೆ ಇದ್ದರೆ ತಿದ್ದುವುದು ಬಹಳ ದೊಡ್ಡದಲ್ಲ. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಸಣ್ಣ ಪದರ ಸಣ್ಣದಾಗಿ ಉಳಿಯುವುದಿಲ್ಲ. ಇವತ್ತು ಸೇರಿಸುವ ಫಂಕ್ಷನ್, ನಾಳೆ ತಿದ್ದುವುದು, ನಾಡಿದ್ದು ಷರತ್ತು ಕಟ್ಟುವ ಚಿಕ್ಕ ಯಂತ್ರ, ಮೂರು ವರ್ಷದಲ್ಲಿ ಕೈಪಿಡಿಯಿಲ್ಲದ, ಬರೆದವನು ಕೆಲಸ ಬಿಟ್ಟುಹೋದ ಕೆಟ್ಟ ಹೈಬರ್ನೇಟ್. ಇದು ನಿಜವಾಗಿ ನಡೆಯುತ್ತದೆ. ತಡೆಯುವ ಉಪಾಯ ಎಲ್ಲಿ ಗೆರೆ ಎಳೆಯಬೇಕೆಂಬ ತಿಳಿವಳಿಕೆಯಲ್ಲಿದೆ. ಕ್ಷೇತ್ರದ ಲೆಕ್ಕವನ್ನೇ ನೋಡಿ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಒಂದು ಎಕರೆ 30 ಗುಂಟೆಯನ್ನು 1.30 ಎಂದೂ 20 ಗುಂಟೆಯನ್ನು 0.20 ಎಂದೂ ಬರೆದು ದಶಮಾಂಶದಂತೆ ಕೂಡಿಸಿದರೆ 1.50 ಬರುತ್ತದೆ. ಸರಿಯಾದ ಉತ್ತರ ಎರಡು ಎಕರೆ ಹತ್ತು ಗುಂಟೆ. ಇಷ್ಟು ಮುಖ್ಯವಾದ ಲೆಕ್ಕ ಪದರದೊಳಗೇ ಇರಲಿ ಎನಿಸುವುದು ಸಹಜ. ಆದರೆ ಅದು ಭೂಮಾಪನದ ನಿಯಮ, ಡೇಟಾಬೇಸಿನ ಬಾಗಿಲಿಗೆ ಸಂಬಂಧಿಸಿದ್ದಲ್ಲ. ಕ್ಷೇತ್ರವನ್ನು ಆಣೆಗಳ ಪೂರ್ಣಾಂಕವಾಗಿ ಇಟ್ಟು, ಎಕರೆ-ಗುಂಟೆ ಮಾಡುವ ಲೆಕ್ಕಕ್ಕೆ ಬೇರೆಯೇ ಜಾಗ ಕೊಡಬೇಕು. ಜಮೀನು ಎಂದರೇನು, ಪದ ಎಂದರೇನು ಎಂದು ಪದರಕ್ಕೆ ಗೊತ್ತಾದ ದಿನ ಅದು ದಪ್ಪವಾಗತೊಡಗಿತು ಎಂದು ತಿಳಿಯಬಹುದು. ಅದೇ ಪದರವನ್ನು ಪಹಣಿಗೂ ನಿಘಂಟಿಗೂ ಬದಲಾವಣೆಯಿಲ್ಲದೆ ಹಚ್ಚಲು ಬರುತ್ತದೆಯೇ ಎಂಬುದೇ ನನಗೆ ಕಾಣುವ ಪರೀಕ್ಷೆ.

ಈ ಪಂಥ ಕೈಬಿಟ್ಟ ಜಾಗವೂ ಒಂದಿದೆ. ಅನುಕ್ರಮದ ಬಗ್ಗೆ ಅದು ಮೌನಿ. ಯೂನಿಕೋಡಿನ ಸಂಕೇತಸಂಖ್ಯೆಯಲ್ಲಿ ‘ಳ’ ಬರುವುದು ‘ವ’ಕ್ಕಿಂತ ಮೊದಲು, ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ, ಕೊನೆಗೆ. ಹೆಸರುಗಳ ಪಟ್ಟಿಯನ್ನು ಸಂಕೇತದ ಕ್ರಮದಲ್ಲಿ ಮುದ್ರಿಸಿದರೆ ಅಕ್ಷರಮಾಲೆ ಬಲ್ಲವರು ಹುಡುಕಿದ ಕಡೆ ಹೆಸರು ಸಿಗದು. ಪೋಸ್ಟ್‌ಗ್ರೆಸ್ 2017ರ ಹತ್ತನೇ ಆವೃತ್ತಿಯಿಂದ ಭಾಷೆಗೆ ತಕ್ಕ ಕ್ರಮವನ್ನು ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಮೂಲಕ ಕೊಡುತ್ತದೆ, ಅಗತ್ಯವಿದ್ದರೆ ನಿಯಮವನ್ನು ನಾವೇ ಹೇಳಲೂ ದಾರಿಯಿದೆ. ಅದನ್ನು ಕೋಷ್ಟಕ ಕಟ್ಟುವಾಗಲೋ ಪ್ರತಿ ಕ್ವೆರಿಯಲ್ಲೋ ಹೆಸರಿಸಿ ಬರೆಯಬೇಕು. ತೆಳು ಪದರದ ಕೈಪಿಡಿಗಳು ಕನೆಕ್ಷನ್ ತೆರೆಯುವುದನ್ನು, ಮೌಲ್ಯ ಕಳಿಸುವುದನ್ನು ಚೆನ್ನಾಗಿ ಕಲಿಸುತ್ತವೆ, ಈ ಒಂದು ಸಾಲನ್ನು ಕಲಿಸುವುದಿಲ್ಲ. ಕನ್ನಡದ ದಾಖಲೆಗಳಿಗೆ ಕೋಡ್ ಬರೆಯುವವರು ಆ ಸಾಲನ್ನು ತಮ್ಮ ಕ್ವೆರಿಗಳ ಫೈಲಿನಲ್ಲಿ ಬರೆದಿಡಬೇಕು, ಮುಂದೆ ಆ ಫೈಲನ್ನು ತೆರೆಯುವವರಿಗೆ ಕಾಣುವ ಹಾಗೆ.