ಮಗ್ಗದೊಳಗಿನ ಮನುಷ್ಯ: ಒಂದು ತೈಲಚಿತ್ರದ ವಿಮರ್ಶೆ

ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವು, ಕನ್ನಡಿಯ ಪ್ರತಿಬಿಂಬದಂತೆ ವಸ್ತುವನ್ನು ಹೋಲುವ ಚಿತ್ರವನ್ನು ವಿದ್ಧವೆಂದೂ, ನೋಡಿದ ಮಾತ್ರಕ್ಕೆ ರಸವನ್ನು ತಿಳಿಸುವ ಚಿತ್ರವನ್ನು ಭಾವಚಿತ್ರವೆಂದೂ ವಿಂಗಡಿಸುತ್ತದೆ. ಈಗ ಭಾವಚಿತ್ರವೆಂಬ ಶಬ್ದವು ಮುಖದ ಹೋಲಿಕೆಗೆ ರೂಢವಾಗಿ, ಶಾಸ್ತ್ರಕಾರನ ಅಭಿಪ್ರಾಯಕ್ಕೆ ವಿಪರೀತವಾದ ಅರ್ಥವನ್ನು ಪಡೆದಿದೆ. ಮುಖಕ್ಕೆ ಪ್ರಾಧಾನ್ಯವಿಲ್ಲದ ಚಿತ್ರದಲ್ಲಿ ಭಾವವು ಯಾವುದರಿಂದ ವ್ಯಕ್ತವಾಗಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆಯು. ಇದಕ್ಕೆ ಉತ್ತಮವಾದ ಉದಾಹರಣೆಯೊಂದು ಹಾಲೆಂಡಿನ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನ ನೇಕಾರನ ತೈಲಚಿತ್ರದಲ್ಲಿ ದೊರೆಯುತ್ತದೆ.

ವ್ಯಾನ್ ಗೋನು 1883ರ ಡಿಸೆಂಬರಿನಿಂದ 1885ರ ನವೆಂಬರಿನವರೆಗೆ ಬ್ರಬಾಂಟ್ ಪ್ರಾಂತದ ನ್ಯೂನೆನ್ ಎಂಬ ಹಳ್ಳಿಯಲ್ಲಿದ್ದು, ಅಲ್ಲಿಯ ನೇಕಾರರನ್ನು ಹಲವು ಪಟಗಳಲ್ಲಿ ಚಿತ್ರಿಸಿದನು. ಅವುಗಳಲ್ಲಿ 1884ರಲ್ಲಿ ಬರೆದ, ತೆರೆದ ಕಿಟಕಿಯ ಬಳಿಯ ನೇಕಾರನ ಚಿತ್ರವು ಮ್ಯೂನಿಕ್ ನಗರದ ಚಿತ್ರಸಂಗ್ರಹಾಲಯಕ್ಕೆ ಸೇರಿದೆ. ಮಸಿ ಹಿಡಿದ ಮರದ ಮಗ್ಗವು ಪಟದ ಬಹುಭಾಗವನ್ನು ಆಕ್ರಮಿಸಿದೆ. ನೇಕಾರನು ಅದರ ಕಂಬಗಳ ನಡುವೆ ಸಿಕ್ಕಿಕೊಂಡವನಂತಿರುವನು. ಕಿಟಕಿಯಾಚೆ ಬೆಳಕಿನಲ್ಲಿ ಹೊಲವೂ ಹಳೆಯ ಇಗರ್ಜಿಯ ಗೋಪುರವೂ ತೋರುತ್ತವೆ. ಬಣ್ಣಗಳನ್ನು ಕಲಸಿರುವುದು ಎಣ್ಣೆಯಲ್ಲಿ. ನಮ್ಮ ಪ್ರಾಚೀನರು ಎಮ್ಮೆಯ ತೊಗಲನ್ನು ಕುದಿಸಿ ಮಾಡಿದ ವಜ್ರಲೇಪವು ಬೇಗನೆ ಬಿಗಿಯುವುದು. ಅಗಸೆಯ ಎಣ್ಣೆಯು ಮೆಲ್ಲಗೆ ಒಣಗುವುದರಿಂದ ಕತ್ತಲೆಯ ಮೇಲೆ ಕತ್ತಲೆಯನ್ನು ಪದರಪದರವಾಗಿ ಕೂಡಿಸಲು ಅವಕಾಶವುಂಟು. ಪಟವೂ ನೇಯ್ದ ಬಟ್ಟೆಯೇ ಆಗಿರುವುದರಿಂದ, ನೇಕಾರನ ಚಿತ್ರಕ್ಕೆ ನೇಕಾರಿಕೆಯೇ ಆಧಾರವಾಗಿದೆ.

ಇಲ್ಲಿ ಪೂರ್ವಪಕ್ಷವೊಂದುಂಟು: ಮಗ್ಗವನ್ನು ಹಿರಿದು ಮಾಡಿ ಮನುಷ್ಯನನ್ನು ಕಿರಿದು ಮಾಡಿದುದು ದೋಷವಲ್ಲವೇ? ಚಿತ್ರಕಾರನೇ ತನ್ನ ಮಿತ್ರ ವ್ಯಾನ್ ರಾಪ್ಪಾರ್ಡನಿಗೆ ಬರೆದ ಪತ್ರದಲ್ಲಿ ಸಮಾಧಾನವಿದೆ. ಯಂತ್ರಶಿಲ್ಪಿಯು ಬರೆದ ಮಗ್ಗದ ನಕ್ಷೆಗೂ ತನ್ನ ಮಗ್ಗಕ್ಕೂ ಭೇದವುಂಟೆಂದೂ, ಬೆವರಿದ ಕೈಗಳಿಂದ ಮಾಸಿದ ಮರವನ್ನು ನೋಡಿದವನಿಗೆ, ಕೆಲಸಗಾರನನ್ನು ಬರೆಯದಿದ್ದರೂ, ಅವನ ನೆನಪಾಗದಿರದೆಂದೂ ಆತನ ಅಭಿಪ್ರಾಯವು. ಆನಂದವರ್ಧನನ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಮಗ್ಗವು ವಾಚ್ಯ, ನೇಕಾರನ ಬಾಳು ವ್ಯಂಗ್ಯ. ವಾಚ್ಯವು ಹಿರಿದಾದುದು ವ್ಯಂಗ್ಯದ ಪುಷ್ಟಿಗಾಗಿಯೇ. ಆದುದರಿಂದ ಇದು ವಿದ್ಧವಾಗಿದ್ದುಕೊಂಡೇ ಸೋಮೇಶ್ವರನ ಅರ್ಥದ ಭಾವಚಿತ್ರವೂ ಆಗಿದೆ.

ಆದರೆ ಈ ರಚನೆಯನ್ನು ಎಲ್ಲೆಡೆಯೂ ಅನುಕರಿಸುವುದು ಸಲ್ಲದು. ಆಲಮಟ್ಟಿಯಿಂದ ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ ಹೋದರೆ ಇಳಕಲ್ಲಿನ ನೇಕಾರರ ಸೀಮೆಯು. ಅಲ್ಲಿಯ ಕುಣಿಮಗ್ಗದಲ್ಲಿ ನೇಕಾರನು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಡುವನು. ಯಂತ್ರದ ಒಂದು ಭಾಗವು ನೆಲದೊಳಗೆ ಅಡಗಿ, ಮನುಷ್ಯನ ಎದೆ ತೋಳುಗಳು ಮೇಲೆ ಎದ್ದು ಕಾಣುತ್ತವೆ. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಬೆರಳುಗಳ ಚಾತುರ್ಯವೇ ಅಲ್ಲಿ ಪ್ರಧಾನವು. ನ್ಯೂನೆನ್ನಿನ ಮಗ್ಗವು ಪಂಜರವಾದರೆ, ಇಳಕಲ್ಲಿನ ಮಗ್ಗವು ಪೀಠವು. ಕಸುಬನ್ನು ಅರಿಯದೆ ಕತ್ತಲೆಯನ್ನು ಮಾತ್ರ ಎರವಲು ತಂದವನ ಚಿತ್ರದಲ್ಲಿ ಹೋಲಿಕೆಯೂ ಕೆಡುವುದು, ಭಾವವೂ ಕೆಡುವುದು.

ಈ ಚಿತ್ರದ ನ್ಯೂನತೆ ಬೇರೆಡೆಯಲ್ಲಿದೆ. ಪತ್ರಗಳಲ್ಲಿ ಚಿತ್ರಕಾರನು ನೇಕಾರರ ಅಲ್ಪ ಗಳಿಕೆಯನ್ನೂ, ಗಂಡನು ನೇಯುವಾಗ ನೂಲು ಸುತ್ತಿಕೊಡುವ ಹೆಂಡತಿಯನ್ನೂ ವರ್ಣಿಸಿರುವನು. ನೂಲು ಸುತ್ತುವ ಹೆಂಗಸನ್ನು ಬೇರೆ ಪಟಗಳಲ್ಲಿ ಬರೆದೂ ಇರುವನು. ಪ್ರಕೃತ ಚಿತ್ರದ ನೇಕಾರನಾದರೋ ಒಬ್ಬಂಟಿಗನು, ಹೆಸರಿಲ್ಲದವನು, ಮಾತಿಲ್ಲದವನು. ಕನ್ನಡದಲ್ಲಿ ಮುದನೂರಿನ ಜೇಡರ ದಾಸಿಮಯ್ಯನು ಕಸುಬಿನ ಹೆಸರನ್ನೇ ತನ್ನ ಹೆಸರಿಗೆ ಕೂಡಿಸಿಕೊಂಡು, ರಾಮನಾಥನ ಅಂಕಿತದಲ್ಲಿ ತಾನೇ ನುಡಿದನು. ಆತನ ಮಡದಿ ದುಗ್ಗಳೆಯೂ ವಚನಕಾರ್ತಿಯು. ಕಸುಬುದಾರನನ್ನು ಅನ್ಯನು ಕಂಡ ಬಗೆಗೂ ಕಸುಬುದಾರನು ಲೋಕವನ್ನು ಕಂಡ ಬಗೆಗೂ ಇರುವ ಅಂತರವು ಇದರಿಂದ ವಿಶದವಾಗುವುದು. ಚಿತ್ರವನ್ನು ವಚನದೊಡನಿಟ್ಟು ಬೋಧಿಸುವ ಅಧ್ಯಾಪಕರು ಈ ಅಂತರವನ್ನು ಮರೆಯಲಾಗದು.

ಆದರೂ ನುಡಿಯು ಉಳಿಸಲಾರದುದನ್ನು ಚಿತ್ರವು ಉಳಿಸುತ್ತದೆ. ನ್ಯೂನೆನ್ನಿನ ಆ ಗೋಪುರವನ್ನು 1885ರಲ್ಲಿ ಕೆಡವಿದರು. ಪಟದ ಕಿಟಕಿಯಲ್ಲಿ ಅದು ಇನ್ನೂ ನಿಂತಿದೆ. 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿಯ ಆಣೆಕಟ್ಟಿನ ಹಿನ್ನೀರು ಘಟಪ್ರಭೆಯ ತಡಿಯ ಹಳೆಯ ಬಾಗಲಕೋಟೆಯನ್ನು ಬಹುಮಟ್ಟಿಗೆ ಆವರಿಸಿತು. ಅದೂ ನೇಕಾರರಿದ್ದ ಊರು. ಮಗ್ಗದ ಚೌಕಟ್ಟನ್ನು ಬಿಚ್ಚಿ ಬೇರೆಡೆಗೆ ಒಯ್ಯಬಹುದು. ಮನೆಯ ನೆಲದಲ್ಲಿ ತೋಡಿದ ಕುಣಿಯನ್ನು ಒಯ್ಯಲಾಗದು. ಆ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವನನ್ನು, ಅವನ ಕಿಟಕಿಯ ಬೆಳಕಿನೊಡನೆ, ನೋಡಿ ಬರೆಯುವ ಚಿತ್ರಕಾರನ ಅಗತ್ಯವೇನೆಂಬುದನ್ನು ಮ್ಯೂನಿಕ್ಕಿನ ಈ ಪಟವು ಕೃಷ್ಣಾತೀರದವರಿಗೆ ತಿಳಿಸಿಕೊಡುತ್ತದೆ.