ಮಾರ್ಗನಿರ್ಣಯದ ಎರಡು ಪ್ರೋಟೋಕಾಲುಗಳು: ಒಂದು ತುಲನೆ

ಗಣಕಜಾಲಗಳ ಮಾರ್ಗನಿರ್ಣಯವನ್ನು ಬೋಧಿಸುವ ಪಠ್ಯಪುಸ್ತಕಗಳಲ್ಲಿ ಅನೇಕವು ಓ.ಎಸ್.ಪಿ.ಎಫ್. ಎಂಬ ಪ್ರೋಟೋಕಾಲಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಐ.ಎಸ್.-ಐ.ಎಸ್. ಎಂಬ ಇನ್ನೊಂದನ್ನು ಅದರ ಪಡಿಯಚ್ಚೆಂದು ಹೇಳಿ ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತವೆ. ದೊಡ್ಡ ಸೇವಾಸಂಸ್ಥೆಗಳ ಜಾಲಗಳು ಎಷ್ಟೋ ಈ ಎರಡನೆಯದರಿಂದಲೇ ನಡೆಯುತ್ತಿರುವಾಗ ಇಂಥ ಉಪೇಕ್ಷೆ ಉಚಿತವಲ್ಲ. ಅದಕ್ಕಿಂತಲೂ ಹೆಚ್ಚಾಗಿ, ಪಡಿಯಚ್ಚೆಂಬ ಮಾತೇ ವಿದ್ಯಾರ್ಥಿಯನ್ನು ದಾರಿ ತಪ್ಪಿಸುವಂಥದು. ಇವೆರಡೂ ಎಲ್ಲಿ ಒಂದು, ಎಲ್ಲಿ ಬೇರೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಗಣಿತದಲ್ಲಿ ಭೇದವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳತಕ್ಕದ್ದು. ಪ್ರತಿಯೊಂದು ರೂಟರೂ ತನ್ನ ನೆರೆಯವರು ಯಾರು, ಅವರನ್ನು ತಲಪುವ ವೆಚ್ಚವೆಷ್ಟು ಎಂಬುದನ್ನು ಒಂದು ಸ್ಥಿತಿಪತ್ರದಲ್ಲಿ ಬರೆದು ಹರಡುತ್ತದೆ. ಪತ್ರಗಳೆಲ್ಲ ಕೂಡಿದಾಗ ಎಲ್ಲರಲ್ಲಿಯೂ ಒಂದೇ ನಕ್ಷೆ ಸಿದ್ಧವಾಗುತ್ತದೆ. ಡೈಕ್‌ಸ್ಟ್ರಾ ೧೯೫೯ರಲ್ಲಿ ಪ್ರಕಟಿಸಿದ ವಿಧಾನದಿಂದ ಅದರ ಮೇಲೆ ಹ್ರಸ್ವತಮ ಮಾರ್ಗವನ್ನು ಕಾಣಲಾಗುತ್ತದೆ. ಪತ್ರ ಹಳೆಯದೋ ಹೊಸದೋ ಎಂಬುದನ್ನು ತಿಳಿಸುವ ಕ್ರಮಸಂಖ್ಯೆಯ ವಿಷಯದಲ್ಲಿಯೂ ಇವೆರಡಕ್ಕೂ ಒಂದೇ ಅನರ್ಥದ ಎಚ್ಚರವಿದೆ. ೧೯೮೦ರ ಅಕ್ಟೋಬರ್ ೨೭ರಂದು ಅಮೆರಿಕದ ಅರ್ಪಾನೆಟ್ ಹಲವು ಗಂಟೆಗಳ ಕಾಲ ಸ್ತಬ್ಧವಾಯಿತು. ಅಲ್ಲಿ ಕ್ರಮಸಂಖ್ಯೆ ಆರೇ ಬಿಟ್‌ಗಳದು. ೬೩ ಮುಗಿದೊಡನೆ ಸೊನ್ನೆಗೆ ಮರಳುವ ಚಕ್ರ. ಯಂತ್ರದೋಷದಿಂದ ಬಿಟ್‌ಗಳು ಉದುರಿ, ಒಂದೇ ಕೇಂದ್ರದ ೪೪, ೪೦, ೮ ಎಂಬ ಮೂರು ಪತ್ರಗಳು ಒಟ್ಟಿಗೆ ಸಂಚರಿಸತೊಡಗಿದವು. ನಿಯಮದಂತೆ ೪೦ಕ್ಕಿಂತ ೪೪ ಹೊಸದು, ೮ಕ್ಕಿಂತ ೪೦ ಹೊಸದು. ಚಕ್ರವಾದ ಕಾರಣ ೪೪ಕ್ಕಿಂತ ೮ ಹೊಸದು! ಒಂದನ್ನೊಂದು ಅಟ್ಟುವ ಈ ಪತ್ರಗಳ ನಡುವೆ ಯಂತ್ರಗಳಿಗೆ ಬೇರೆ ಕೆಲಸಕ್ಕೆ ಬಿಡುವಿಲ್ಲದಂತಾಯಿತು. ಇಂದು ನಮ್ಮ ಎರಡು ಪ್ರೋಟೋಕಾಲುಗಳೂ ೩೨ ಬಿಟ್‌ಗಳ, ಚಕ್ರವಾಗದೆ ನೇರವಾಗಿ ಏರುವ ಸಂಖ್ಯೆಯನ್ನು ಬಳಸುತ್ತವೆ.

ಹುಟ್ಟಿನಲ್ಲಿ ಮಾತ್ರ ಇವು ಬೇರೆ. ಐ.ಎಸ್.-ಐ.ಎಸ್. ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯಲ್ಲಿ ರೂಪುಗೊಂಡು, ೧೯೯೦ರಲ್ಲಿ ಐ.ಪಿ.ಗೂ ಒಗ್ಗಿಸಲ್ಪಟ್ಟಿತು. ಓ.ಎಸ್.ಪಿ.ಎಫ್. ಮೊದಲಿನಿಂದಲೂ ಐ.ಪಿ.ಗಾಗಿಯೇ ರಚಿತವಾದುದು, ಮೊದಲ ನಿರೂಪಣೆ ೧೯೮೯ರದು, ಎರಡನೆಯ ಆವೃತ್ತಿಗೆ ಪ್ರಮಾಣವಾಗಿರುವ ಜಾನ್ ಮಾಯ್ ಅವರ ಗ್ರಂಥ ೧೯೯೮ರದು. ಇದು ಐ.ಪಿ. ಪ್ಯಾಕೆಟ್ಟಿನೊಳಗೆ ಪ್ರಯಾಣಿಸುತ್ತದೆ, ಅದು ನೇರವಾಗಿ ಕೊಂಡಿಯ ಸ್ತರದ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ದೂರದಿಂದ ಬರುವ ಕಪಟ ಐ.ಪಿ. ಪ್ಯಾಕೆಟ್ಟುಗಳಿಗೆ ಅದು ನಿಲುಕದು. ಪ್ರದೇಶವಿಭಾಗದ ಗಡಿ ಒಂದರಲ್ಲಿ ರೂಟರಿನ ನಡುವೆ, ಇನ್ನೊಂದರಲ್ಲಿ ಕೊಂಡಿಯ ನಡುವೆ ಹಾಯುತ್ತದೆಂಬ ಭೇದವನ್ನು ಪರೀಕ್ಷೆಗಳಲ್ಲಿ ಕೇಳುವುದುಂಟು. ಅದು ಅಷ್ಟು ಮುಖ್ಯವೆಂದು ನಮಗೆ ತೋರುವುದಿಲ್ಲ.

ಮುಖ್ಯವಾದ ಪ್ರಶ್ನೆ ಬೇರೆ: ತನಗೆ ಅರ್ಥವಾಗದ ಸಂಗತಿ ಎದುರಾದಾಗ ರೂಟರ್ ಏನು ಮಾಡತಕ್ಕದ್ದು? ಓ.ಎಸ್.ಪಿ.ಎಫ್. ಎರಡನೆಯ ಆವೃತ್ತಿಯಲ್ಲಿ ಅಪರಿಚಿತ ಜಾತಿಯ ಪತ್ರವನ್ನು ಎಸೆದುಬಿಡಬೇಕು. ಹೀಗಾಗಿ ನಡುವೆ ಇರುವ ಒಂದು ಹಳೆಯ ಯಂತ್ರ ಹೊಸ ಸಮಾಚಾರಕ್ಕೆ ಅಡ್ಡಗೋಡೆಯಾಗುತ್ತದೆ. ಐ.ಎಸ್.-ಐ.ಎಸ್. ಪ್ರತಿ ಸಂಗತಿಯನ್ನೂ ಜಾತಿ, ಉದ್ದ, ಮೌಲ್ಯ ಎಂದು ಕಟ್ಟಿಡುತ್ತದೆ. ತಿಳಿಯದ ಕಟ್ಟನ್ನು ದಾಟಿ ಮುಂದಿನದನ್ನು ಓದಿ, ಪತ್ರವನ್ನು ಮಾತ್ರ ಇಡಿಯಾಗಿ ಮುಂದಕ್ಕೆ ಕಳಿಸುತ್ತದೆ. ಇದರ ಫಲ ಐ.ಪಿ. ಆರನೆಯ ಆವೃತ್ತಿ ಬಂದಾಗ ಸ್ಪಷ್ಟವಾಯಿತು. ೩೨ ಬಿಟ್‌ಗಳ ವಿಳಾಸವನ್ನೇ ನೆಚ್ಚಿದ್ದ ಓ.ಎಸ್.ಪಿ.ಎಫ್.ಅನ್ನು ೧೯೯೯ರಲ್ಲಿ ಮೂರನೆಯ ಆವೃತ್ತಿಯಾಗಿ ಹೊಸದಾಗಿ ಬರೆಯಬೇಕಾಯಿತು, ಐ.ಎಸ್.-ಐ.ಎಸ್.ಗೆ ಬೆರಳೆಣಿಕೆಯ ಹೊಸ ಕಟ್ಟುಗಳು ಸಾಕಾದವು.

ಇಷ್ಟರಿಂದ ಐ.ಎಸ್.-ಐ.ಎಸ್. ಮೇಲೆಂದು ತೀರ್ಮಾನಿಸುವವರ ಆತುರವನ್ನೂ ನಾವು ಒಪ್ಪಲಾರೆವು. ಕೊಂಡಿಯ ವೆಚ್ಚಕ್ಕೆ ಅದು ಮೊದಲು ಕೊಟ್ಟುದು ಆರೇ ಬಿಟ್‌ಗಳು, ಎಂದರೆ ೬೩ಕ್ಕೆ ಮಿತಿ; ಈ ಕಾರ್ಪಣ್ಯಕ್ಕೆ ಕಾರಣ ಏನೇ ಇರಲಿ, ವೇಗದ ಕೊಂಡಿಗಳು ಬಂದಾಗ ಅದು ಸಾಲದಾಯಿತು. ೨೪ ಬಿಟ್‌ಗಳ ಹೊಸ ಕಟ್ಟನ್ನು ತಂದಾಗ, ಅದನ್ನರಿಯದ ಹಳೆಯ ರೂಟರುಗಳು ನಿಯಮದಂತೆಯೇ ಅದನ್ನು ದಾಟಿಹೋದವು. ಅರ್ಥಾತ್ ಆ ಕೊಂಡಿಗಳೇ ಅವುಗಳ ನಕ್ಷೆಯಲ್ಲಿ ಇಲ್ಲವಾದವು. ನಕ್ಷೆ ಎಲ್ಲರದೂ ಒಂದೇ ಎಂಬ ಆಧಾರವೇ ಕುಸಿದರೆ ಪ್ಯಾಕೆಟ್ಟುಗಳು ಸುತ್ತುಹಾಕತೊಡಗುವ ಅಪಾಯವಿದೆ. ಈ ಕಾರಣದಿಂದ ಜಾಲಪಾಲಕರು ಸಂಕ್ರಮಣಕಾಲದಲ್ಲಿ ಹಳೆಯ, ಹೊಸ ಎರಡು ಕಟ್ಟುಗಳನ್ನೂ ಒಟ್ಟಿಗೆ ಸಾರಬೇಕಾಯಿತು.

ಓ.ಎಸ್.ಪಿ.ಎಫ್. ಮೂರನೆಯ ಆವೃತ್ತಿ ಇಲ್ಲಿ ಇನ್ನೊಂದು ಉತ್ತರವನ್ನು ಕೊಟ್ಟಿದೆ. ಪತ್ರದ ಜಾತಿಸೂಚಕದಲ್ಲಿಯೇ ಒಂದು ಬಿಟ್ ಇದ್ದು, ತನ್ನನ್ನು ಅರಿಯದ ರೂಟರ್ ತನ್ನನ್ನು ಆ ಕೊಂಡಿಯಲ್ಲೇ ನಿಲ್ಲಿಸಬೇಕೋ, ಅರಿತಂತೆಯೇ ಇಟ್ಟುಕೊಂಡು ಹರಡಬೇಕೋ ಎಂಬುದನ್ನು ಪತ್ರವೇ ಹೇಳುತ್ತದೆ. ಮೂರನೆಯ ಆವೃತ್ತಿಯೆಂದರೆ ಉದ್ದವಾದ ವಿಳಾಸವಷ್ಟೇ ಎಂದು ಬೋಧಿಸುವಾಗ ಈ ಒಂದು ಬಿಟ್ ಕೈಬಿಟ್ಟುಹೋಗುತ್ತಿದೆ.