ಮುನ್ನೂರು ಪದಗಳ ಆಚೆ

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ವೇಗವಾಗಿ ಬಂದ ಪೋರ್ಷೆ ಕಾರೊಂದು ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಇಬ್ಬರೂ ಮಧ್ಯಪ್ರದೇಶದ ಮನೆಗಳಿಂದ ಕೆಲಸಕ್ಕೆಂದು ಪುಣೆಗೆ ಬಂದವರು. ಕಾರು ಓಡಿಸುತ್ತಿದ್ದವನು ಹದಿನೇಳರ ಹುಡುಗ. ಕುಡಿದಿದ್ದ ಎನ್ನುವುದು ಪೊಲೀಸರ ಆರೋಪ. ಬಾಲನ್ಯಾಯ ಮಂಡಳಿ ಅದೇ ದಿನ ಜಾಮೀನು ಕೊಟ್ಟಿತು. ಅದರ ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು ಎಂಬುದು. ದೇಶವೆಲ್ಲ ಸಿಟ್ಟಾಯಿತು. ಮೂರೇ ದಿನದಲ್ಲಿ ಮಂಡಳಿ ಹುಡುಗನನ್ನು ವೀಕ್ಷಣಾಲಯಕ್ಕೆ ಕಳಿಸಿತು. ಮುಂದಿನ ತಿಂಗಳು ಬಾಂಬೆ ಹೈಕೋರ್ಟ್ ಅವನ ಬಿಡುಗಡೆಗೆ ಆದೇಶಿಸಿತು.

ಸುದ್ದಿಯ ಗದ್ದಲ ತಣ್ಣಗಾದ ಮೇಲೂ ಸಾಹಿತ್ಯ ಓದುವವರನ್ನು ಕಾಡುವುದು ಆ ಪ್ರಬಂಧವೇ. ಶಾಲೆಯಲ್ಲಿ ನಾವೆಲ್ಲ 'ಮಳೆಗಾಲ', 'ಗ್ರಂಥಾಲಯದ ಮಹತ್ವ' ಅಂತ ಬರೆದವರು. ಅಂಥ ಪ್ರಬಂಧದಲ್ಲಿ ವಿಷಯ ಇರುತ್ತದೆ, ಮನುಷ್ಯರು ಇರುವುದಿಲ್ಲ. 'ರಸ್ತೆ ಅಪಘಾತ' ಎಂಬ ತಲೆಬರಹದ ಕೆಳಗೆ ಕಾರಣಗಳು, ಪರಿಣಾಮಗಳು, ಪರಿಹಾರಗಳು ಸಾಲಾಗಿ ಬಂದು ನಿಲ್ಲುತ್ತವೆ. ಸತ್ತವರ ಹೆಸರನ್ನು ಒಮ್ಮೆಯೂ ಬರೆಯದೆ 300 ಪದಗಳನ್ನು ಮುಗಿಸಬಹುದು. ಆರೋಪಿಗೆ ಅಷ್ಟು ಪದಗಳ ಅವಕಾಶವಿತ್ತು. ಸತ್ತವರ ಅಪ್ಪ ಅಮ್ಮನ ಮಾತಿಗೆ ಆ ಆದೇಶದಲ್ಲಿ ಜಾಗವೇ ಇರಲಿಲ್ಲ. ಇಂಥ ಸಾವುಗಳ ಕಥೆಯನ್ನು ಯಾರು ಹೇಳುತ್ತಾರೆ, ಎಷ್ಟು ಉದ್ದ ಹೇಳುತ್ತಾರೆ? ಈ ಪ್ರಶ್ನೆ ಇಟ್ಟುಕೊಂಡು 'ಜಾಲಿ ಎಲ್‌ಎಲ್‌ಬಿ' ಚಿತ್ರವನ್ನು ಮತ್ತೆ ನೋಡಿದೆ.

ಸುಭಾಷ್ ಕಪೂರ್ ನಿರ್ದೇಶಿಸಿದ ಈ ಹಿಂದಿ ಚಿತ್ರ 2013ರಲ್ಲಿ ಬಂತು. ಅತ್ಯುತ್ತಮ ಹಿಂದಿ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಶ್ರೀಮಂತರ ಮಗನೊಬ್ಬ ಕುಡಿದ ಅಮಲಿನಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಯವರ ಮೇಲೆ ಕಾರು ಹರಿಸುತ್ತಾನೆ. ದೊಡ್ಡ ವಕೀಲ ರಾಜಪಾಲ್ ಅವನನ್ನು ಬಿಡಿಸುತ್ತಾನೆ. ಕೇಸಿಲ್ಲದೆ ಅಲೆಯುವ ಮೀರಠ್‌ನ ಜಾಲಿ ಹೆಸರು ಮಾಡುವ ಆಸೆಯಿಂದ ಅರ್ಜಿ ಹಾಕುತ್ತಾನೆ. ಬೊಮನ್ ಇರಾನಿಯ ಗತ್ತು, ಅರ್ಷದ್ ವಾರ್ಸಿಯ ತಡವರಿಕೆ, ಸೌರಭ್ ಶುಕ್ಲಾ ಅವರ ನ್ಯಾಯಾಧೀಶ ತ್ರಿಪಾಠಿ ಎಲ್ಲವೂ ಸೊಗಸು. ಹಿಂದಿ ಸಿನಿಮಾ ತೋರಿಸುತ್ತ ಬಂದ ಅರಮನೆಯಂಥ ಕೋರ್ಟಿನ ಬದಲು ಇಲ್ಲಿ ನಾವು ಕಂಡಿರುವ ಇಕ್ಕಟ್ಟಿನ, ಬಣ್ಣ ಮಾಸಿದ ಕೋರ್ಟಿದೆ.

ಚಿತ್ರದ ಜೀವ ಇರುವುದು ಒಂದು ಸಣ್ಣ ದೃಶ್ಯದಲ್ಲಿ. ಜಾಲಿ ಹಣ ತೆಗೆದುಕೊಂಡು ಕೇಸು ಕೈಬಿಡಲು ಒಪ್ಪಿರುತ್ತಾನೆ. ಕೋರ್ಟಿನ ಕ್ಯಾಂಟೀನಿನ ಮುದುಕ ಕೌಲ್ ಅವನ ಕೆನ್ನೆಗೆ ಬಾರಿಸಿರುತ್ತಾನೆ. ರಾತ್ರಿ ರಸ್ತೆ ಬದಿಯಲ್ಲಿ ಮೂತ್ರಕ್ಕೆ ನಿಂತಾಗ ಕತ್ತಲಿನಿಂದ ಮುದುಕನೊಬ್ಬ ಮಾತಾಡುತ್ತಾನೆ. ಸ್ವಲ್ಪ ಆಚೆ ಹೋಗಿ, ಇಲ್ಲಿ ನಮ್ಮ ಮನೆಯವರು ಮಲಗುತ್ತಾರೆ ಎಂದು ಬೇಡಿಕೊಳ್ಳುತ್ತಾನೆ. ದನಿಯಲ್ಲಿ ಕೋಪವಿಲ್ಲ. ಇನ್ನೊಬ್ಬರಿಗೆ ಕೊಳಕು ಮೂಲೆಯಾದದ್ದು ಒಂದು ಸಂಸಾರಕ್ಕೆ ಹಾಸಿಗೆ. ಜಾಲಿ ಬದಲಾಗುವುದು ಇಲ್ಲಿ, ನಾವು ಬದಲಾಗುವುದೂ ಇಲ್ಲೇ.

ಆದರೆ ಕ್ಯಾಮೆರಾ ಆ ಸಂಸಾರದ ಹತ್ತಿರ ಹೆಚ್ಚು ಹೊತ್ತು ಕೂರುವುದಿಲ್ಲ, ಜಾಲಿಯ ಹಿಂದೆಯೇ ಹೊರಟುಬಿಡುತ್ತದೆ. ಅಪಘಾತದಲ್ಲಿ ಬದುಕುಳಿದ ಸದಾಕಾಂತ್ ಮಿಶ್ರ ಸಿಕ್ಕಾಗಲೂ ಕಥೆಗೆ ಬೇಕಾದದ್ದು ಅವನ ಸಾಕ್ಷ್ಯ ಮಾತ್ರ. ಅವನ ಜೊತೆ ಮಲಗಿದ್ದವರು ಯಾರು, ಅವರ ಹೆಂಡತಿ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಚಿತ್ರ ಕೇಳುವುದಿಲ್ಲ. ಕೊನೆಯ ವಾದದಲ್ಲಿ ಜಾಲಿ, ಫುಟ್‌ಪಾತಿನಲ್ಲಿ ಮಲಗುವ ಇವರೆಲ್ಲ ಯಾರು, ಎಲ್ಲಿಂದ ಬಂದರು ಎಂದು ಕೋರ್ಟನ್ನು ಕೇಳುತ್ತಾನೆ. ಚಪ್ಪಾಳೆ ಹೊಡೆಯಬೇಕೆನಿಸುವ ಮಾತು. ಆದರೆ ಉತ್ತರವನ್ನೂ ಅವನೇ ಹೇಳುತ್ತಾನೆ. ಬಲ್ಲವರಿಗೆ ಬಾಯಿ ಸಿಗುವುದಿಲ್ಲ. ಗೆಲುವು ಜಾಲಿಯದಾಗುತ್ತದೆ.

ಇದು ನಿರ್ದೇಶಕರೊಬ್ಬರ ಕೊರತೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಕ್ರಿಮಿನಲ್ ನ್ಯಾಯದ ರಚನೆಯೇ ಹೀಗಿದೆ. ಅಲ್ಲಿ ಮೊಕದ್ದಮೆ ಸರ್ಕಾರಕ್ಕೂ ಆರೋಪಿಗೂ ನಡುವಿನದು. ಸತ್ತವನ ಮನೆಯವರು ಹೆಚ್ಚೆಂದರೆ ಸಾಕ್ಷಿಗಳು. ಇಲ್ಲವಾದರೆ ಹಿಂದಿನ ಬೆಂಚಿನ ಪ್ರೇಕ್ಷಕರು.

ಇದಕ್ಕೆ ತೀರ್ಪುಗಳನ್ನೇ ಓದಬೇಕು. 2006ರ ನವೆಂಬರ್ 12ರ ನಸುಕಿನಲ್ಲಿ ಮುಂಬೈಯ ಕಾರ್ಟರ್ ರಸ್ತೆಯಲ್ಲಿ ಕಾರೊಂದು ಫುಟ್‌ಪಾತಿಗೆ ನುಗ್ಗಿ, ಮಲಗಿದ್ದ ಏಳು ಕೂಲಿಗಳನ್ನು ಕೊಂದಿತು. ಆಗ ಆ ರಸ್ತೆಯ ದುರಸ್ತಿ ನಡೆಯುತ್ತಿತ್ತು, ಅವರು ಆ ಕೆಲಸಕ್ಕೆ ಬಂದವರು. ಚಾಲಕ ಕುಡಿದಿದ್ದ. ವಿಚಾರಣಾ ನ್ಯಾಯಾಲಯ ಆರು ತಿಂಗಳ ಶಿಕ್ಷೆ ಕೊಟ್ಟಿತು. ಹೈಕೋರ್ಟ್ ಅದನ್ನು ಮೂರು ವರ್ಷಕ್ಕೆ ಏರಿಸಿತು, 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇಂಥ ಪ್ರಕರಣಗಳೆಲ್ಲ ನಿಂತಿರುವುದು ಒಂದು ಪದದ ಮೇಲೆ: ಅರಿವು. ಚಾಲಕನದು ಬರೀ ನಿರ್ಲಕ್ಷ್ಯವಾದರೆ ಆಗಿನ ಐಪಿಸಿ 304ಎ ಕಲಮಿನಡಿ ಎರಡು ವರ್ಷದವರೆಗೆ ಶಿಕ್ಷೆ. ಸಾವು ಸಂಭವಿಸಬಹುದೆಂಬ ಅರಿವಿತ್ತು ಎಂದಾದರೆ 304ರ ಎರಡನೇ ಭಾಗದಡಿ ಹತ್ತು ವರ್ಷದವರೆಗೆ. ತಾನಾಗಿ ಕುಡಿದವನಿಗೆ ಕುಡಿಯದವನಷ್ಟೇ ಅರಿವಿತ್ತೆಂದು ಕಾನೂನು ಭಾವಿಸುತ್ತದೆ. ಪುಟಗಟ್ಟಲೆ ಚರ್ಚೆ ಚಾಲಕನ ಮನಸ್ಸಿನ ಒಳಗೇ ನಡೆಯುತ್ತದೆ. ಕಾನೂನಿಗೆ ಅದು ಅನಿವಾರ್ಯವೂ ಹೌದು. ರಸ್ತೆ ರಿಪೇರಿ ಮಾಡಿ ಅದರ ಬದಿಯಲ್ಲೇ ಸತ್ತವರು ಮಾತ್ರ ಒಂದು ಸಂಖ್ಯೆಯಾಗಿ ಉಳಿಯುತ್ತಾರೆ.

ಸಂಖ್ಯೆಯ ಹಿಂದಿರುವುದು ಕಾಯುವ ಕಾಲ. ಜಾಲಿಯ ಚಿತ್ರ ನೆನಪಿಗೆ ತರುವ ದೆಹಲಿಯ ಬಿಎಂಡಬ್ಲ್ಯು ಪ್ರಕರಣದಲ್ಲಿ ಆರು ಜನ ಸತ್ತದ್ದು 1999ರ ಜನವರಿಯಲ್ಲಿ. 2008ರಲ್ಲಿ ಐದು ವರ್ಷ ಶಿಕ್ಷೆಯಾಯಿತು, 2009ರಲ್ಲಿ ಹೈಕೋರ್ಟ್ ಅದನ್ನು ಎರಡಕ್ಕೆ ಇಳಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಗಂಭೀರ ಕಲಮನ್ನೇ ಮತ್ತೆ ಹಾಕಿದರೂ ಅನುಭವಿಸಿದ ಜೈಲುವಾಸ ಸಾಕೆಂದು, 50 ಲಕ್ಷ ರೂಪಾಯಿ ಮತ್ತು ಎರಡು ವರ್ಷದ ಸಮಾಜಸೇವೆ ವಿಧಿಸಿತು. ಅಪ್ಪ ಸತ್ತಾಗ ಒಂದನೇ ತರಗತಿಯಲ್ಲಿದ್ದ ಮಗು ಆ ಹೊತ್ತಿಗೆ ಕಾಲೇಜಿಗೆ ಬಂದಿರುತ್ತದೆ. ಚಿತ್ರದಲ್ಲಿ ವಾಯಿದೆಗಳು ನಗು ತರಿಸುತ್ತವೆ. ಮನೆಯವರಿಗೆ ಪ್ರತಿ ವಾಯಿದೆಯೂ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಮತ್ತೊಮ್ಮೆ ಕೆದಕಿದ ಗಾಯ. ಆ ಹದಿಮೂರು ವರ್ಷಗಳ ಕಥೆಗೆ ನಾಯಕ ಬೇಕಿಲ್ಲ, ಕೊನೆಯ ಭಾಷಣವೂ ಬೇಕಿಲ್ಲ. ಬಹುಶಃ ಅದಕ್ಕೇ ಅದು ಸಿನಿಮಾ ಆಗುವುದಿಲ್ಲ.

ಕಾನೂನು ನಿಧಾನವಾಗಿ ಆ ಕಡೆ ತಿರುಗುತ್ತಿದೆ. ಸಂತ್ರಸ್ತರಿಗೆ ಮೇಲ್ಮನವಿಯ ಹಕ್ಕು 2009ರ ಕೊನೆಯಲ್ಲಿ ಬಂತು. ಆ ಹಕ್ಕಿನ ಬಗ್ಗೆ ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 2018ರಲ್ಲಿ ತೀರ್ಪು ಕೊಡುವಾಗ, ಶಿಕ್ಷೆ ನಿರ್ಧರಿಸುವ ಮೊದಲು ಸಂತ್ರಸ್ತರು ತಮಗಾದದ್ದನ್ನು ಹೇಳಿಕೊಳ್ಳುವ ಅವಕಾಶದ ಅಗತ್ಯವನ್ನೂ ಸುಪ್ರೀಂ ಕೋರ್ಟ್ ಎತ್ತಿ ಹೇಳಿತು. ಅಂಥ ಹೇಳಿಕೆಯಿಂದ ಶಿಕ್ಷೆ ಹೆಚ್ಚಬೇಕು ಎಂದು ನಾನು ವಾದಿಸುತ್ತಿಲ್ಲ. ಸತ್ತವನು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದ, ಊರಿಗೆ ಫೋನು ಯಾವಾಗ ಮಾಡುತ್ತಿದ್ದ, ಈಗ ಆ ಹೊತ್ತಿನಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದು ಕೋರ್ಟಿನ ಕಡತದಲ್ಲಿ ಒಮ್ಮೆ ದಾಖಲಾಗಬೇಕು.

ಕಥೆ, ಸಿನಿಮಾ ಮಾಡುವವರು ಕೋರ್ಟಿನ ಅನುಮತಿಗೆ ಕಾಯಬೇಕಿಲ್ಲ. ಕತ್ತಲಿನಿಂದ ಆ ಮುದುಕ ಕೇಳಿದ್ದು ತನ್ನವರು ಮಲಗಲು ಒಂದಿಷ್ಟು ಜಾಗ. ಜಾಲಿ ಹೊರಟುಹೋದ ಮೇಲೂ ಕ್ಯಾಮೆರಾ ಅಲ್ಲೇ ನಿಂತಿದ್ದರೆ ಆ ಮನೆಯವರ ಕಥೆ ಶುರುವಾಗುತ್ತಿತ್ತು.